ಎಳೆಗಳು ಏಳದ ತರಗತಿ

ರಾತ್ರಿ ಊಟದ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಕರೆಗಂಟೆ ಕಣ್ಣೆದುರೇ ಇತ್ತು. ಆದರೂ ತಟ್ಟಿದರು, ನಿಂತರು, ಮತ್ತೆ ತಟ್ಟಿದರು.

ಶಕುಂತಲಾ ಯಲಿಗಾರ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ನಿಂತಿದ್ದ ಗಂಡಸು ತನ್ನ ಹೆಸರು ಹೇಳಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ.

"ನಿಮ್ಮ ಧ್ವನಿ ಎಲ್ಲಿ ಹೋಯ್ತು, ಮೇಡಮ್?" ಎಂದು ಕೇಳಿದ.

"ಯಾರ್ರೀ ನೀವು?"

"ದಸರಾ ರಜೆ ಮುಗಿದ ಮೇಲೆ ನಿಮ್ಮ ಧ್ವನಿ ಒಂದು ಸಲವೂ ಕೇಳಿಸಿಲ್ಲ. ಒಂದೇ ಒಂದು ಸಲವೂ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಈರಣ್ಣ, ಶಕುಂತಲಾಳ ಗಂಡ, ಕೈಯ ಹಿಟ್ಟನ್ನು ಕೊಡವುತ್ತ ಇಣುಕಿದ. "ಇಕಿ ಧ್ವನಿ ಕೇಳಿಲ್ಲಂತ? ನಮ್ಮನ್ಯಾಗ ಒಂದ್ ವಾರ ಇದ್ದು ಹೋಗ್ರಿ ಸಾಹೇಬ್ರ. ಸಾಕಪ್ಪೋ ಸಾಕು ಅಂತೀರಿ."

ಬಂದವನು ನಗಲಿಲ್ಲ. ಜೇಬಿನಿಂದ ಗುರುತಿನ ಚೀಟಿ ತೆಗೆದು ಹಿಡಿದ. ನಾಗಭೂಷಣ, ಪರಿಶೀಲಕ, 'ನಿಲುಕು' ಬೋಧನಾ ಜಾಲ.

ಶಕುಂತಲಾ ಅದೇ ಜಾಲದ ಭೌತಶಾಸ್ತ್ರ ಮತ್ತು ಗಣಿತದ ಬೋಧಕಿ. ಧಾರವಾಡದ ಮಾಳಮಡ್ಡಿಯ ಈ ಮನೆಯ ಒಂದು ಕೋಣೆಯಲ್ಲಿ ಕುಳಿತು ಪಿಯುಸಿಯ ನಲವತ್ತು ಮಕ್ಕಳಿಗೆ ಪಾಠ ಮಾಡುವವಳು. ಹಾಗಾಗಿ ಆ ಚೀಟಿಯನ್ನು ಕಂಡೊಡನೆ ಅವಳಿಗೆ ಪ್ರಶ್ನೆ ಅರ್ಥವಾಯಿತು, ಉತ್ತರ ಮಾತ್ರ ತಿಳಿದಿರಲಿಲ್ಲ.

"ಬರ್ರಿ, ಒಳಗ ಬರ್ರಿ" ಎಂದಳು.

ನಾಗಭೂಷಣ ಕುರ್ಚಿಯ ತುದಿಯಲ್ಲಿ ಕುಳಿತ. ಮಂಡ್ಯದ ಕಡೆಯವನೆಂಬುದು ಮಾತಿನಿಂದಲೇ ತಿಳಿಯುತ್ತಿತ್ತು. "ಒಬ್ಬ ತಾಯಿ ದೂರು ಕೊಟ್ಟಿದ್ದಾರೆ. ನವಲಗುಂದದ ಜಬೀನಾ ಶೇಖ್ ಅವರ ತಾಯಿ. ಲೆಕ್ಕ ಬಾರದೆ ಮಗಳು ಅತ್ತಿದ್ದಾಳೆ, ಹೇಳಿಕೊಡಬೇಕಾದ ಧ್ವನಿ ಸುಮ್ಮನಿತ್ತು. ನಾವು ತೆಗೆದು ನೋಡಿದರೆ ಅವಳೊಬ್ಬಳದೇ ಅಲ್ಲ, ನಿಮ್ಮ ತರಗತಿಯ ಯಾರ ಕಿವಿಯಲ್ಲೂ ಧ್ವನಿ ಬಂದಿಲ್ಲ. ಅದನ್ನ ಬೇಕಂತಲೇ ಯಾರೋ ಕಟ್ಟಿಹಾಕಿದ್ದಾರೆ."

"ನಾನು ಕಟ್ಟಿಹಾಕಿಲ್ರಿ."

"ಹೋದ ವರ್ಷದ ಸಭೆಯಲ್ಲಿ ನೀವೇ ಎದ್ದು ನಿಂತು, ಮಕ್ಕಳಿಗೆ ಸ್ವಲ್ಪ ಒದ್ದಾಡೋಕೆ ಬಿಡಿ ಅಂದಿದ್ರಿ."

"ಅಂದಿದ್ದೆ. ಅಂದದ್ದು ಬ್ಯಾರೆ, ಕದ್ದು ಮಾಡೂದು ಬ್ಯಾರೆ."

"ಸೋಮವಾರ ಹುಬ್ಬಳ್ಳಿಯಲ್ಲಿ ವಿಚಾರಣೆ. ಡಾಕ್ಟರ್ ಇಂದುಮತಿ ಸವಣೂರ ಅವರೇ ನಡೆಸ್ತಾರೆ. ಹಣೆಗೆ ಕಟ್ಟೋ ಪಟ್ಟಿ ಕಂಡುಹಿಡಿದವರು. ಅಷ್ಟರೊಳಗೆ ಯಾರು ಮಾಡಿದ್ದು ಅಂತ ತಿಳಿಯದೇ ಹೋದ್ರೆ ತಪ್ಪು ನಿಮ್ಮ ಮೇಲೇ ಬರುತ್ತೆ. ಪರವಾನಗಿ ರದ್ದಾಗುತ್ತೆ. ಮಕ್ಕಳನ್ನ ಬೇರೆ ಬೇರೆ ತರಗತಿಗೆ ಹಂಚ್ತಾರೆ."

"ಪ್ರವೇಶ ಪರೀಕ್ಷೆ ಇಷ್ಟ್ ಹತ್ರ ಇಟ್ಕೊಂಡು ಹಂಚ್ತಾರಂತ?" ಶಕುಂತಲಾಳ ದನಿ ಏರಿತು. "ಅರ್ಧಾ ಸುತ್ತಿದ ಗಡಿಯಾರಾ ಬಿಚ್ಚಿದಂಗ ಆಗ್ತೈತ್ರೀ ಅದು!"

"ಅದಕ್ಕೇ ಹಗಲಾಗೋದನ್ನ ಕಾಯದೆ ಬಂದೆ" ಎಂದ ನಾಗಭೂಷಣ.

*

ಪಟ್ಟಿಯೆಂದರೆ ಹಣೆಗೆ ಕಟ್ಟಿಕೊಳ್ಳುವ ಬೆರಳಗಲದ ಒಂದು ಹಗುರ ಸಾಧನ. ಕಲಿಯುವವನಿಗೆ ತೊಡಕಾದಾಗ ಅವನಿಗೇ ಅರಿವಾಗುವ ಮೊದಲು ಎರಡು ಹುಬ್ಬುಗಳ ನಡುವಿನ ಸಣ್ಣ ಸ್ನಾಯು ಬಿಗಿಯುತ್ತದೆ. ಪಟ್ಟಿ ಆ ಬಿಗಿತವನ್ನು ಅಳೆದು ಅಂಕಿಯಾಗಿ ಕಳಿಸುತ್ತದೆ. ಬೋಧಕನ ಪರದೆಯ ಮೇಲೆ ಒಂದೊಂದು ಮಗುವೂ ಒಂದೊಂದು ಎಳೆ. ತೊಡಕು ಹೆಚ್ಚಿದಂತೆ ಎಳೆ ಮೇಲೇಳುತ್ತದೆ. ಗೊತ್ತುಮಾಡಿದ ಎತ್ತರವನ್ನು ಅದು ದಾಟಿದೊಡನೆ ಆ ಮಗುವಿನ ಕಿವಿಯಲ್ಲಿ ಮಾತ್ರ ಮುಂದಿನ ಸುಳಿವು ಕೇಳಿಸುತ್ತದೆ. ಸುಳಿವು ಹೇಳುವುದು ಯಂತ್ರ, ಆದರೆ ಧ್ವನಿ ಬೋಧಕನದೇ. ಶಕುಂತಲಾ ಎಲ್ಲರಿಗೂ ಪಾಠ ಹೇಳುತ್ತಿರುವಾಗಲೇ ಅಥಣಿಯ ಹುಡುಗನೊಬ್ಬನ ಕಿವಿಯಲ್ಲಿ ಅವಳದೇ ಧ್ವನಿ "ಚಿಹ್ನೆ ನೋಡಪಾ, ಋಣ ಅಲ್ಲೇನು?" ಎಂದು ಪಿಸುಗುಟ್ಟುತ್ತಿತ್ತು. ಯಾವ ಮಗುವೂ ಮೂರು ಉಸಿರಿಗಿಂತ ಹೆಚ್ಚು ಹೊತ್ತು ಸಿಕ್ಕಿಬೀಳಬಾರದು ಎಂಬುದು ನಿಲುಕಿನ ವಾಗ್ದಾನವಾಗಿತ್ತು.

ಮೊದಮೊದಲು ಅವಳಿಗೂ ಅದು ವರವೆನಿಸಿತ್ತು. ಕಾಲೇಜಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು, ಕೇಳಲು ನಾಚಿ, ವರ್ಷವಿಡೀ ತಿಳಿಯದೆ ಹೋದ ಎಷ್ಟೋ ಮಕ್ಕಳನ್ನು ಅವಳು ಕಂಡಿದ್ದಳು. ಇಲ್ಲಿ ಹಿಂದಿನ ಬೆಂಚೇ ಇರಲಿಲ್ಲ. ಹುನಗುಂದದ ವಸತಿನಿಲಯದ ಹುಡುಗಿ, ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಕೂತು ಕಲಿಯುವ ಆಳಂದದ ಹುಡುಗ, ಇಬ್ಬರೂ ಅವಳಿಗೆ ಒಂದೇ ದೂರದಲ್ಲಿದ್ದರು.

ಆದರೆ ಅವರ ಮುಖ ಅವಳು ಕಂಡಿರಲಿಲ್ಲ. ಮಕ್ಕಳ ಚಿತ್ರ ಮನೆಯಿಂದ ಹೊರಗೆ ಹೋಗಕೂಡದೆಂಬ ನಿಯಮವಿತ್ತು, ಒಳ್ಳೆಯ ನಿಯಮವೇ. ಎಳೆ ಇರುವಾಗ ಮುಖವೇಕೆ ಎಂದು ಎಲ್ಲರೂ ಒಪ್ಪಿದ್ದರು. ಬೀಜಗಣಿತದ ಬಾಗಿಲು ತೆರೆದಾಗ ಒಂದು ಮುಖದಲ್ಲಿ ಹರಡುವ ಬೆಳಕನ್ನು ನೋಡಲೆಂದೇ ಈ ವೃತ್ತಿಗೆ ಬಂದಿದ್ದ ಶಕುಂತಲಾಗೆ ಈಗ ಉಳಿದದ್ದು ಎಳೆಯೊಂದು ತಣ್ಣಗೆ ಕೆಳಗಿಳಿಯುವ ನೋಟ. ಅದೂ ತನ್ನಿಂದ ಇಳಿಯಿತೋ ಯಂತ್ರದ ಪಿಸುಮಾತಿನಿಂದ ಇಳಿಯಿತೋ ಹೇಳುವಂತಿರಲಿಲ್ಲ.

ದಸರೆಯ ನಂತರ ಹೊಸ ಮಾದರಿಯ ಪಟ್ಟಿಗಳು ಬಂದವು, ಜೊತೆಗೆ ಕಟ್ಟುವ ಬಗೆ ತೋರಿಸುವ ಸೂಚನಾಚಿತ್ರವೊಂದೂ ಬಂತು. ಅಂದಿನಿಂದ ಅವಳ ತರಗತಿಯ ಎಳೆಗಳು ಏಳಲೇ ಇಲ್ಲ. ಮಕ್ಕಳು ಜಾಣರಾದರೆಂದು ಅವಳು ಸಂತೋಷಪಟ್ಟಿದ್ದಳು.

*

ಮರುದಿನ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ, ನಾಗಭೂಷಣನ ಕಣ್ಣೆದುರಿನಲ್ಲೇ ಅವಳು ಪಾಠಕ್ಕೆ ಕುಳಿತಳು. ಗೋಡೆಯಗಲದ ಪರದೆಯ ಮೇಲೆ ಎಲ್ಲ ಬೋಧಕರ ತರಗತಿಗಳೂ ಇದ್ದವು. ಎಲ್ಲೆಡೆ ಎಳೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವಳದು ಮಾತ್ರ ಬೆಳಗಿನ ಕೆರೆಯಂತೆ ಸಮತಟ್ಟು.

"ಎಲ್ಲಾರೂ ಪಟ್ಟಿ ಕಟ್ಟಿಕೊಂಡ್ರೇನು? ಸೂಚನಾಚಿತ್ರ ಹಾಕ್ತೀನಿ, ನೋಡ್ಕೋತ ಮಾಡ್ರಿ."

ನಾಗಭೂಷಣ ಹುಬ್ಬೇರಿಸಿದ. "ಆ ಚಿತ್ರ ದಿನಾ ತೋರಿಸ್ತೀರಾ?"

"ನಿಯಮದಾಗ ಬರದೈತಲ್ರಿ, ಪ್ರತಿ ಪಾಠಕ್ಕ ಮೊದಲು ತೋರಿಸಬೇಕು ಅಂತ. ಯಾಕ, ಉಳಿದವರು ತೋರಿಸೂದಿಲ್ಲೇನು?"

"ಯಾರಿಗಿದೆ ಮೇಡಮ್ ಅಷ್ಟು ಪುರುಸೊತ್ತು!"

"ಮೊದಲನೇ ದಿವಸ ಒಬ್ಬಾಂವ ಪಟ್ಟಿ ತಲಿಕೆಳಗ ಕಟ್ಟಿದ್ದ. ಎರಡನೇದಾಂವ ಕುತ್ತಿಗಿಗೆ ಕಟ್ಟಿದ್ದ. ಅವತ್ತಿನಿಂದ ನಾ ಬಿಡೂದಿಲ್ಲ."

ಚಿತ್ರ ಓಡಿತು. ನೂರು ಸಲ ಕಂಡದ್ದನ್ನು ಮತ್ತೆ ನೋಡುವವರಾರು? ಇಬ್ಬರೂ ಆ ಹೊತ್ತಿನಲ್ಲಿ ಧ್ವನಿಯ ವ್ಯವಸ್ಥೆಯನ್ನು ಪರೀಕ್ಷಿಸಿದರು. ಅದು ಸರಿಯಾಗಿತ್ತು. ಎಳೆ ದಾಟಬೇಕಾದ ಎತ್ತರವನ್ನು ಯಾರೂ ಬದಲಿಸಿರಲಿಲ್ಲ. ಹೊರಗಿನವರು ಒಳಹೊಕ್ಕ ಗುರುತೂ ಇರಲಿಲ್ಲ.

ಪಾಠ ಶುರುವಾಯಿತು. ಮೇಲೇರುತ್ತಿರುವ ಬಲೂನಿನಿಂದ ಕಲ್ಲೊಂದು ಜಾರಿದರೆ ನೆಲ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಹಿಂದಿನ ವಾರ ಕೊಟ್ಟಿದ್ದ ಲೆಕ್ಕ. ಶಕುಂತಲಾ ಅದನ್ನೇ ಸ್ವಲ್ಪ ತಿರುಚಿ ಮತ್ತೆ ಕೊಟ್ಟಳು. ಆಮೇಲೆ ಅವಳು ವಿವರಿಸಲು ಬಾಯಿ ತೆರೆದಾಗ ಅಥಣಿಯ ಹುಡುಗನ ದನಿ ಕೇಳಿಸಿತು:

"ತಡೀರಿ ಅಕ್ಕೋರ, ಹೇಳಬ್ಯಾಡ್ರಿ! ಬಂದಂಗ ಆಗೇತಿ, ತಡೀರಿ!"

ನಾಗಭೂಷಣ ಕುರ್ಚಿಯಿಂದ ಅರ್ಧ ಎದ್ದ. "ಏನಂದ ಅವನು? ಹೇಳ್ಬೇಡಿ ಅಂದ್ನಾ?"

"ಹೌದ್ರಿ. ಅದರಾಗೇನು?"

"ಇಷ್ಟು ವರ್ಷದಲ್ಲಿ ಈ ಕೊಠಡಿಯಲ್ಲಿ ಕೂತು ನಾನು ಆ ಮಾತು ಕೇಳಿಲ್ಲ, ಮೇಡಮ್. ಬೇರೆ ತರಗತೀಲಿ ಹಾಗನ್ನೋಕೆ ಮಗೂಗೆ ಸಮಯವೇ ಇರಲ್ಲ. ಅಷ್ಟರಲ್ಲಿ ಧ್ವನಿ ಹೇಳಿಬಿಟ್ಟಿರುತ್ತೆ."

ಶಕುಂತಲಾ ಆ ಹುಡುಗನ ಎಳೆಯನ್ನೇ ನೋಡುತ್ತಿದ್ದಳು. ಅವನು ತಿಣುಕುತ್ತಿದ್ದುದು ದನಿಯಲ್ಲೇ ತಿಳಿಯುತ್ತಿತ್ತು. ಎಳೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಈ ಎಳಿ ಸುಳ್ಳು ಹೇಳಾಕತ್ತೈತಿ" ಎಂದಳು. "ನಿಮ್ಮ ಯಂತ್ರಾ ಬಿಚ್ಚಿ ನೋಡಿದ್ದು ಸಾಕು. ಒಂದು ಕೂಸಿನ ಮಾರಿ ನೋಡಬೇಕ್ರಿ ನಾವು. ದೂರು ಕೊಟ್ಟಾರಲ್ಲ, ಅವರ ಮನೀಗೇ ಹೋಗೂಣು."

"ಆರೋಪ ಹೊತ್ತವರು ದೂರು ಕೊಟ್ಟವರ ಮನೆಗೆ ಹೋಗೋ ಹಾಗಿಲ್ಲ."

"ಪರಿಶೀಲಕರು ಜೋಡಿ ಇದ್ರ?"

ನಾಗಭೂಷಣ ಗೋಡೆಯ ಪರದೆಯನ್ನೂ ಅವಳನ್ನೂ ನೋಡಿದ. "ಬೆಳಿಗ್ಗೆ ಬೇಗ ಹೊರಡ್ಬೇಕು" ಎಂದ.

*

ನವಲಗುಂದದ ಆ ಮನೆಯ ಪಡಸಾಲೆಯನ್ನು ಗೋಡೆಗಾನಿಸಿದ ಮಗ್ಗವೊಂದು ತುಂಬಿತ್ತು. ಅರ್ಧ ನೇಯ್ದ ಜಮಖಾನೆಯ ಮುಂದೆ ಕೂತಿದ್ದ ನೂರಜಾನ್ ಎದ್ದು ನಿಂತಳೇ ಹೊರತು ಬನ್ನಿ ಎನ್ನಲಿಲ್ಲ.

"ನೀವೇನ್ರೀ ಆ ಅಕ್ಕೋರು?"

"ನಾನs ಬೇ."

"ನನ್ನ ಮಗಳು ನಿಮಗೇನ್ ಮಾಡಿದ್ಲು? ನಾಕ್ ದಿನ ಕೂಳ ಉಣಲಿಲ್ಲ ಅದು. ಕೇಳಿದ್ರ ಅಕ್ಕೋರು ನನ್ನ ಕೂಡ ಮಾತು ಬಿಟ್ಟಾರ ಅಂತೈತಿ."

ಅಷ್ಟರಲ್ಲಿ ಒಳಗಿನಿಂದ ಜಬೀನಾ ಬಂದಳು. ತೆಳ್ಳನೆಯ ಹುಡುಗಿ, ಬಲಗೆನ್ನೆಯಲ್ಲಿ ಮಾತ್ರ ಗುಳಿ. ಈ ಎರಡು ವರ್ಷ ತನ್ನ ಪರದೆಯ ಮೇಲೆ ಹನ್ನೊಂದನೆಯ ಎಳೆಯಾಗಿದ್ದವಳು ಇವಳೇ ಎಂದುಕೊಂಡಾಗ ಶಕುಂತಲಾಳ ಕಣ್ಣು ಮಂಜಾಯಿತು.

"ಅಕ್ಕೋರ, ನನ್ನ ಮ್ಯಾಲ ಸಿಟ್ಟಾಗೀರೇನ್ರಿ?"

"ಇಲ್ಲವಾ. ಯಾಕ ಸಿಟ್ಟಾಗ್ಲಿ?"

"ಮೊದಲ ನಾ ತಡವರಿಸಿದ್ರ ಕಿವ್ಯಾಗ ಹೇಳ್ತಿದ್ರಿ. ಆಮ್ಯಾಲ ಬಿಟ್ಟಬಿಟ್ರಿ. ಎಲ್ಲಾರಿಗೂ ಹೇಳಾಕತ್ತಾರ, ನನಗ ಒಬ್ಬಾಕಿಗೇ ಹೇಳವಲ್ರು ಅಂತ…"

ಕಿವಿಯಲ್ಲಿ ಪಿಸುಗುಟ್ಟುತ್ತಿದ್ದುದು ತಾನಲ್ಲ, ಯಂತ್ರ ಎಂಬುದನ್ನು ಶಕುಂತಲಾ ಆ ಹುಡುಗಿಗೆ ತಿಳಿಸಬೇಕಾಯಿತು. ಪ್ರವೇಶಪತ್ರದ ಷರತ್ತುಗಳಲ್ಲಿ ಅದು ಬರೆದಿತ್ತು, ಓದಿದವರಿರಲಿಲ್ಲ.

"ಹಂಗಾರ ಒಮ್ಮೆನೂ ನೀವಲ್ಲರಿ ಅದು?"

"ಅಲ್ಲವಾ."

"ಆ ಬಲೂನಿನ ಲೆಕ್ಕಾ ನಾ ಆಮ್ಯಾಲ ಮಾಡಿದ್ನಿ" ಎಂದಳು ಹುಡುಗಿ, ಯಾರನ್ನೂ ನೋಡದೆ. "ಅತ್ತ ಮ್ಯಾಲ, ಹೊತ್ತ ಮುಣಗೂದರಾಗ. ಕಲ್ಲು ಕೈ ಬಿಟ್ಟ ಕೂಡ್ಲೆ ಕೆಳಗ ಬರ್ತೈತಿ ಅಂತ ತಿಳ್ಕೊಂಡಿದ್ನಿ. ಬರೂದಿಲ್ರಿ ಅದು. ಬಲೂನಿನ ವೇಗ ಅದರಾಗ ಇರ್ತೈತಲ್ಲ, ಮೊದಲ ಮ್ಯಾಲ ಹೋಗ್ತೈತಿ, ಆಮ್ಯಾಲ ತಿರಗ್ತೈತಿ. ನಾನs ಕಂಡ್ಹಿಡದ್ನಿ." ತುಸು ತಡೆದು ಸೇರಿಸಿದಳು: "ಅತ್ತದ್ದೂ ಖರೇ ರೀ, ಬಂದದ್ದೂ ಖರೇ."

ನಾಗಭೂಷಣ ಮುಂದೆ ಬಾಗಿದ. "ಪುಟ್ಟೀ, ನೀನು ಪಟ್ಟಿ ಹೇಗೆ ಕಟ್ಕೋತೀಯ, ಒಂದು ಸಲ ತೋರಿಸ್ತೀಯಾ?"

ಜಬೀನಾ ಪಟ್ಟಿ ತಂದಳು, ಹಣೆಗೆ ಸರಿಯಾಗಿ ಕಟ್ಟಿಕೊಂಡಳು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಅನಂತರ ಎರಡು ಹುಬ್ಬುಗಳನ್ನೂ ಒಂದಕ್ಕೊಂದು ತಾಗುವಷ್ಟು ಗಂಟಿಕ್ಕಿ, ಯಾರ ಮೇಲೋ ಕೆಂಡಕಾರುವವಳಂತೆ ಶೂನ್ಯವನ್ನು ದಿಟ್ಟಿಸಿದಳು. ಪಟ್ಟಿಯ ಹಸಿರು ದೀಪ ಹೊತ್ತಿಕೊಂಡಿತು. ಹೊತ್ತಿದೊಡನೆ ಹುಬ್ಬು ಸಡಿಲಿಸಿದಳು.

"ಆತ್ರಿ."

"ಅಯ್ಯೋ ಶಿವನೇ" ಎಂದ ನಾಗಭೂಷಣ.

ಶಕುಂತಲಾಗೂ ಆ ಕ್ಷಣವೇ ಹೊಳೆಯಿತು. ಹೊಸ ಪಟ್ಟಿ ಪ್ರತಿ ಪಾಠದ ಮೊದಲು ಮಗುವಿನ ನೆಮ್ಮದಿಯ ಮುಖವನ್ನು ಒಮ್ಮೆ ಅಳೆದುಕೊಳ್ಳುತ್ತದೆ. ಮುಂದಿನ ಬಿಗಿತವನ್ನೆಲ್ಲ ಅದರ ಮೇಲಿಂದ ಎಣಿಸುತ್ತದೆ. ಆ ಹೊತ್ತಿನಲ್ಲೇ ಹುಬ್ಬು ಗಂಟಿಕ್ಕಿದರೆ? ಅದೇ ನೆಮ್ಮದಿ ಎಂದು ಪಟ್ಟಿ ನಂಬುತ್ತದೆ. ಆಮೇಲೆ ಎಷ್ಟು ತಿಣುಕಿದರೂ ಆ ಗಂಟನ್ನು ಮೀರಿದ ಬಿಗಿತ ಬರುವುದಿಲ್ಲ. ಎಳೆ ಏಳುವುದಿಲ್ಲ, ಧ್ವನಿ ಎಚ್ಚರಗೊಳ್ಳುವುದಿಲ್ಲ.

"ಹಿಂಗ ಮಾರಿ ಗಂಟ ಹಾಕಾಕ ಯಾರು ಕಲಿಸಿದ್ರವಾ?"

"ಅಕ್ಕೋರ, ನೀವs ದಿನಾ ಚಿತ್ರ ಹಾಕ್ತೀರಲ್ರಿ! ಅದರಾಗಿನ ಅಕ್ಕ ಮಾಡ್ತಾಳ, ನಾವೂ ಮಾಡ್ತೀವಿ. 'ನಾನು ಮಾಡಿದ ಹಾಗೆಯೇ ಮಾಡಿ' ಅಂತ ಬರತೈತಲ್ಲ. ನಮ್ಮ ಗುಂಪಿನ್ಯಾಗ ಎಲ್ಲಾರೂ ಹಂಗs ಮಾಡೂದು. ಅದಕ್ಕ ಹೆಸರೂ ಇಟ್ಟೀವ್ರಿ, ಅತ್ತಿ ಮಾರಿ ಅಂತ."

ನೂರಜಾನಳಿಗೆ ಮೊದಲ ಬಾರಿ ನಗು ಬಂತು. "ಯಾರ ಅತ್ತಿ ಮಾರಿನೇ? ನನ್ನ ಅತ್ತೀದೇನು?" ಎಂದು ಮಗಳ ತಲೆ ತಟ್ಟಿ, ಚಹಾಕ್ಕೆ ಇಡಲು ಒಳಗೆ ಹೋದಳು.

ನಾಗಭೂಷಣ ಕೈಯಲ್ಲಿದ್ದ ಪರದೆಯಲ್ಲಿ ಸೂಚನಾಚಿತ್ರ ತೆರೆದ. ಅದರಲ್ಲಿ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಪಟ್ಟಿ ಸರಿಯಾಗಿ ಕಾಣಲೆಂದು ಹಣೆ, ಹುಬ್ಬು, ಕಣ್ಣು ಇಷ್ಟನ್ನೇ ತೀರ ಹತ್ತಿರದಿಂದ ತೆಗೆದಿದ್ದರು. ಒಂದು ಹೆಣ್ಣಿನ ಹಣೆ. ಪಟ್ಟಿ ಕಟ್ಟುತ್ತಾಳೆ, ಹುಬ್ಬು ಬಿಗಿಯಾಗಿ ಗಂಟಿಕ್ಕುತ್ತದೆ, ಹಸಿರು ದೀಪ ಬರುತ್ತದೆ.

"ಉಳಿದ ಬೋಧಕರು ಚಿತ್ರ ತೋರಿಸಲ್ಲ, ಅವರ ಮಕ್ಕಳು ಸುಮ್ನೆ ಕೂತಿರ್ತಾರೆ, ಪಟ್ಟಿ ಸರಿಯಾಗಿ ಅಳೆಯುತ್ತೆ" ಎಂದ ನಾಗಭೂಷಣ. "ಇಡೀ ಜಾಲದಲ್ಲಿ ನಿಯಮ ಅಕ್ಷರಶಃ ಪಾಲಿಸಿದ ತರಗತಿ ನಿಮ್ಮದೊಂದೇ. ಯಂತ್ರ ಕೆಟ್ಟದ್ದೂ ಅಲ್ಲೊಂದೇ!"

"ಕೆಟ್ಟಿತೋ ಸುಧಾರಿಸಿತೋ" ಎಂದಳು ಶಕುಂತಲಾ. ಅವಳ ಕಣ್ಣು ಆ ಹುಬ್ಬುಗಳ ಮೇಲಿತ್ತು. "ಇದು ತಿಳೀದs ಆಗಿದ್ದಲ್ಲ ನೋಡ್ರಿ. ಪಟ್ಟಿ ಹ್ಯಾಂಗ ಅಳೀತೈತಿ ಅಂತ ಗೊತ್ತಿದ್ದವರು ಇಂಥಾ ಚಿತ್ರ ತಗಿಯೂದಿಲ್ಲ. ಗೊತ್ತಿದ್ದೂ ತಗದಾರ ಅಂದ್ರ, ಬೇಕಂತನs ತಗದಾರ. ಯಾರ್ರೀ ಈಕಿ?"

"ತಿಳ್ಕೋತೀನಿ" ಎಂದ ನಾಗಭೂಷಣ. ಆದರೆ ಸೋಮವಾರದವರೆಗೂ ಅವನಿಗೆ ತಿಳಿಯಲಿಲ್ಲ. ಚಿತ್ರ ತೆಗೆದ ತಂಡ ಚದುರಿಹೋಗಿತ್ತು. ಹಣೆ ಯಾರದೆಂದು ಎಲ್ಲಿಯೂ ದಾಖಲಾಗಿರಲಿಲ್ಲ.

*

ವಿಚಾರಣೆ ನಡೆದದ್ದು ನಿಯಂತ್ರಣ ಕೊಠಡಿಯ ಪಕ್ಕದ ಸಣ್ಣ ಸಭಾಂಗಣದಲ್ಲಿ. ಇಂದುಮತಿ ಸವಣೂರ ಒಬ್ಬರೇ ಮೇಜಿನಾಚೆ ಕುಳಿತಿದ್ದರು. ಬೆಳ್ಳಗಾದ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟಿದ್ದ, ಮೆಲುದನಿಯ ಹೆಂಗಸು. ನಾಗಭೂಷಣ ನಡೆದುದನ್ನೆಲ್ಲ ಹೇಳಿದ, ಚಿತ್ರವನ್ನು ಗೋಡೆಯ ಮೇಲೆ ಓಡಿಸಿದ. ಹುಬ್ಬುಗಳು ಗಂಟಿಕ್ಕಿದಲ್ಲಿಗೆ ನಿಲ್ಲಿಸಿದ.

"ಬೋಧಕಿಯ ತಪ್ಪಿಲ್ಲ, ಮಕ್ಕಳ ತಪ್ಪೂ ಇಲ್ಲ ಮೇಡಮ್. ತಪ್ಪು ಮಾಡಿದ್ದು ಈ ಚಿತ್ರದಲ್ಲಿರೋರು. ಆದರೆ ಅವರು ಯಾರು ಅನ್ನೋದು ಸಿಗಲಿಲ್ಲ."

ಇಂದುಮತಿ ಗೋಡೆಯ ಕಡೆ ನೋಡಲಿಲ್ಲ. "ಯಲಿಗಾರ ಅವರೇ, ಆ ಮಕ್ಕಳು ಈಗ ಹ್ಯಾಂಗಿದ್ದಾರೆ?" ಎಂದು ಕೇಳಿದರು.

"ನಾ ಬದಲಿಸಾಕ ಹೋಗಿಲ್ರಿ, ನೀವು ಹೇಳೂತನಕ. ಕೆಲವರು 'ತಡೀರಿ, ಹೇಳಬ್ಯಾಡ್ರಿ' ಅನ್ನಾಕ ಕಲ್ತಾರ. ಹುನಗುಂದದಾಕಿ ಒಬ್ಬಾಕಿ ಪಾಠಾನs ಬಿಟ್ಟಾಳ. ನನಗ ಈಗ ಗೊತ್ತಾತು, ಯಾಕ ಅಂತ."

"ಹಾಗಾದರೆ, ಇದನ್ನ ಮಾಡಿದವರಿಗೆ ನೀವು ಏನು ಕೊಡ್ತೀರಿ? ಶಿಕ್ಷೆಯೋ, ಕೃತಜ್ಞತೆಯೋ?"

ಇದು ಬೇಗ ಉತ್ತರಿಸುವ ಪ್ರಶ್ನೆಯಾಗಿರಲಿಲ್ಲ. ಕಿವಿಯಲ್ಲಿ ಸುಳಿವು ಹೇಳುವ ಧ್ವನಿಯೂ ಇರಲಿಲ್ಲ.

"ಎರಡೂ ರೀ" ಎಂದಳು ಶಕುಂತಲಾ ಕೊನೆಗೆ. "ಜಬೀನಾ ಆ ಲೆಕ್ಕಾ ತಾನs ಬಿಡಿಸಿದಳು. ಆ ಸಂತೋಷ ನಾನೂ ಕೊಟ್ಟಿದ್ದಿಲ್ಲ, ಯಂತ್ರಾನೂ ಕೊಟ್ಟಿದ್ದಿಲ್ಲ. ಅದಕ್ಕ ಕೈ ಮುಗೀತೀನಿ. ಆದ್ರ ಆಕಿ ನಾಕ್ ದಿನ ಉಣಲಿಲ್ರಿ. ಅಕ್ಕೋರು ನನ್ನ ಬಿಟ್ರು ಅಂತ ತಿಳ್ಕೊಂಡ್ಲು. ಕೂಸಿಗೆ ಈಜ ಕಲಿಸಬೇಕಂದ್ರ ಕೈ ಬಿಡಬೇಕು, ಖರೇ. ಆದ್ರ 'ಈಗ ಕೈ ಬಿಡ್ತೀನಿ, ಇಲ್ಲೇ ನಿಂತಿರ್ತೀನಿ' ಅಂತ ಹೇಳಿ ಬಿಡಬೇಕ್ರಿ. ಕತ್ತಲದಾಗ ಸದ್ದಿಲ್ಲದs ಬಿಟ್ಟು ಹೋದವರನ್ನ ಗುರು ಅನ್ನೂದಿಲ್ಲ ನಾನು."

ಇಂದುಮತಿ ಮೊದಲ ಬಾರಿ ಗೋಡೆಯ ಮೇಲಿನ ಹುಬ್ಬುಗಳ ಕಡೆ ತಿರುಗಿದರು.

"ಆ ಚಿತ್ರವನ್ನ ನಾಲ್ಕು ಸಲ ತೆಗೆದರು" ಎಂದರು ಇಂದುಮತಿ. "ಮೊದಲ ಮೂರರಲ್ಲಿ ಹುಬ್ಬು ಸಡಿಲವಾಗೇ ಇತ್ತು. ಅವತ್ತು ಬೆಳಿಗ್ಗೆ ಆಡಳಿತ ಮಂಡಳಿ 'ಮೂರು ಉಸಿರು' ಅನ್ನೋ ನಿಯಮ ಹೊಸ ಪಟ್ಟಿಗೂ ಇರಲಿ ಅಂತ ತೀರ್ಮಾನಿಸಿತ್ತು. ಬೇಡ ಅಂದದ್ದಕ್ಕೆ ಯಾರೂ ಕಿವಿಗೊಡಲಿಲ್ಲ. ಆಮೇಲೆ ನಾಲ್ಕನೆಯದನ್ನ ತೆಗೆದದ್ದು. ಯಾವುದಾದರೂ ಒಂದು ತರಗತಿಯಾದರೂ ಅದನ್ನ ನೋಡಲಿ, ಯಾರಾದರೂ ಒಬ್ಬರು ಮಗುವಿನ ಮುಖ ನೋಡೋ ತನಕ ಹೋಗಲಿ ಅಂತ. ನಡುವೆ ಅಳೋ ಮಗುವಿನ ಲೆಕ್ಕ ಹಾಕಿರಲಿಲ್ಲ."

ನಾಗಭೂಷಣನ ಕೈ ಕೀಲಿಮಣೆಯ ಮೇಲೆ ನಿಂತಿತು. "ಇದೆಲ್ಲ ನಿಮಗೆ ಹೇಗೆ ಗೊತ್ತು ಮೇಡಮ್?"

"ತೀರ್ಪು ಹೇಳ್ತೀನಿ, ಬರೆದುಕೊಳ್ಳಿ" ಎಂದರು ಇಂದುಮತಿ, ಹಣೆಯ ಮೇಲಿನ ಕೂದಲನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತ. "ಶಕುಂತಲಾ ಯಲಿಗಾರ ಅವರ ಮೇಲಿನ ಆರೋಪವನ್ನು ಕೈಬಿಡಲಾಗಿದೆ. ಅವರ ತರಗತಿ ಪರೀಕ್ಷೆಯವರೆಗೂ ಅವರ ಬಳಿಯೇ ಇರತಕ್ಕದ್ದು. ಇನ್ನು ಮುಂದೆ ಆ ತರಗತಿಯಲ್ಲಿ ಮಗು ತಾನಾಗಿ ಕೈಯೆತ್ತಿ ಕೇಳಿದರೆ ಮಾತ್ರ ಸುಳಿವು. ಅದು ಯಂತ್ರದ ಧ್ವನಿಯೆಂದು ಮಗುವಿಗೆ ಮೊದಲೇ ತಿಳಿಸತಕ್ಕದ್ದು. ಮಕ್ಕಳಿಗೂ ಬೋಧಕಿಗೂ ಹೇಳದೆ ಸೂಚನಾಚಿತ್ರದ ಮೂಲಕ ಉಪಕರಣವನ್ನು ದಾರಿ ತಪ್ಪಿಸಿದ ವ್ಯಕ್ತಿಯನ್ನು ಈ ಕ್ಷಣದಿಂದ ಎಲ್ಲ ಹುದ್ದೆಗಳಿಂದ ತೆಗೆಯಲಾಗಿದೆ."

"ಹೆಸರು?" ಎಂದು ಕೇಳಿದ ನಾಗಭೂಷಣ.

"ಇಂದುಮತಿ ಸವಣೂರ."